ಕಣ್ಣು ಬಿಡಿಸುವ ಮುಂಚೆ

ಮಾಲೂರು ತಾಲ್ಲೂಕಿನವಳಾಗಿ ಶಿವಾರಪಟ್ಟಣದ ಕಥೆ ಬರೆಯದೆ ಇರೋದು ಕಷ್ಟ. ಬೀದಿಗೆ ಕಾಲಿಟ್ಟರೆ ಉಳಿಯ ಸದ್ದು, ಜಗಲಿ ಮೇಲೆ ಅರ್ಧ ಆದ ದೇವರುಗಳು. ತಾನು ಕೆತ್ತಿದ ವಿಗ್ರಹಗಳೇ ತನ್ನನ್ನು ತಿಂದುಹಾಕುತ್ತಿವೆ ಅಂತ ನಂಬಿಬಿಡುವ ಶಿಲ್ಪಿ ಹೆಂಗಸೊಬ್ಬಳ ಕಥೆ ನನ್ನ ತಲೆಯಲ್ಲಿತ್ತು.

ಮೊದಲ ಸಲ ಬರೆದಾಗ ವಿಗ್ರಹಗಳು ನಡುರಾತ್ರಿ ಕತ್ತು ತಿರುಗಿಸುತ್ತಿದ್ದವು, ಕಲ್ಲಿನಿಂದ ರಕ್ತ ಬೇರೆ. ತಂಗಿ ಓದಿ, "ಅಕ್ಕಾ, ಸೀರಿಯಲ್ ಥರ ಐತೆ" ಅಂದಳು. ಹರಿದು ಹಾಕಿದೆ.

ಆಮೇಲೆ ಎರಡು ಭಾನುವಾರ ಅಲ್ಲೇ ಹೋಗಿ ಕೂತೆ. ಕೃಷ್ಣಶಿಲೆ ಕೆತ್ತುವಾಗ ಬೂದು ಬಣ್ಣ. ಅದರ ಪುಡಿ ಕೆತ್ತುವವರ ರೆಪ್ಪೆಯ ಮೇಲೆ, ಕಾಫಿ ಲೋಟದ ಅಂಚಿನ ಮೇಲೆ. ಎಣ್ಣೆ ಸವರಿದ ಮೇಲೇ ಅದು ಕಪ್ಪಾಗಿ ಹೊಳೆಯೋದು. ಹಿರಿಯರೊಬ್ಬರು ದೇವಿಯ ಮುಖವೆಲ್ಲ ಮುಗಿಸಿ ಕಣ್ಣು ಮಾತ್ರ ಉಳಿಸಿಕೊಂಡಿದ್ದರು. "ಕಣ್ಣು ಬಿಡಿಸೋ ತನಕ ಇದು ಬರೀ ಕಲ್ಲೇ ಕಣಮ್ಮ" ಅಂದರು. ಹೀಗೆ ಕಣ್ಣು ಬಿಡಿಸುವ ಶಾಸ್ತ್ರ, ಅಂದರೆ ನೇತ್ರೋನ್ಮೀಲನದ ಹೊತ್ತಿನಲ್ಲಿ ದೇವರ ಮೊದಲ ನೋಟ ಬೀಳಲಿ ಅಂತ ಎದುರಿಗೆ ಕನ್ನಡಿ ಹಿಡಿಯುತ್ತಾರಲ್ಲ, ಆ ಕನ್ನಡಿ ನೆನಪಾಯಿತು. ಕಥೆಯೂ ಸಿಕ್ಕಿತು.

ಇಟಲಿಯ ಮನಶ್ಶಾಸ್ತ್ರಜ್ಞ ಜಿಯೋವಾನಿ ಕಪುಟೊ 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಓದಿದ್ದೆ. ಮಂದ ಬೆಳಕಿನಲ್ಲಿ 10 ನಿಮಿಷ ಕನ್ನಡಿ ನೋಡಿದ 50 ಜನರಲ್ಲಿ ಶೇ. 66 ಮಂದಿಗೆ ತಮ್ಮ ಮುಖವೇ ವಿಕಾರವಾಗಿ ಕಂಡಿತ್ತಂತೆ. ನೋಟ ಒಂದೇ ಕಡೆ ನೆಟ್ಟರೆ ಸುತ್ತಲಿನದು ಮಾಸುತ್ತದೆ. ಇದನ್ನು ಸ್ವಿಸ್ ವೈದ್ಯ ಟ್ರಾಕ್ಸ್ಲರ್ 1804ರಲ್ಲೇ ಗುರುತಿಸಿದ್ದ. ಓದಿದರೆ ಸಾಲದು ಅಂತ ಒಂದು ರಾತ್ರಿ ಜೀರೋ ಬಲ್ಬ್ ಹಾಕಿ ಕನ್ನಡಿ ಮುಂದೆ ಕೂತೆ. ಸ್ವಲ್ಪ ಹೊತ್ತಿಗೆ ಗಲ್ಲದ ಮಚ್ಚೆ ಕಾಣಲಿಲ್ಲ. ತಟ್ಟನೆ ಮುಟ್ಟಿ ನೋಡಿಕೊಂಡೆ. ಇತ್ತು. ಎದೆ ಮಾತ್ರ ಇನ್ನೂ ಡವಡವ. ಹಾಗೆ ಗಲ್ಲಕ್ಕೆ ಹೋದ ಕೈಯನ್ನೇ ಕಥೆಗೆ ತಂದೆ.

ಈಗ ವಿಗ್ರಹಗಳು ಏನೂ ಮಾಡುವುದಿಲ್ಲ. ಅವಳು ದೇವಿಯ ಗಲ್ಲಕ್ಕೆ ಗೊತ್ತಿಲ್ಲದೆ ತನ್ನ ಮಚ್ಚೆ ಕೆತ್ತುತ್ತಾಳೆ, ಮುಂದಿನದಕ್ಕೆ ತನ್ನ ಸೊಟ್ಟ ಕಿರುಬೆರಳು. ಪ್ರತಿ ಸಲವೂ ಕೈ ತನ್ನ ಮೈಯನ್ನು ತಡವುತ್ತದೆ. ನಾನು ಹಾಕಿಕೊಂಡ ಕಟ್ಟಳೆ ಒಂದೇ: ಯಾವುದಕ್ಕೂ ಒಂದು ಸಾಧಾರಣ ಕಾರಣ ಇರಬೇಕು. ಅವಳು ಬೂದಿಯ ಬಣ್ಣಕ್ಕೆ ತಿರುಗಿದ್ದು ಕಲ್ಲಿನ ಪುಡಿಯಿಂದ. ಅತ್ತೆಗೆ ಸೊಸೆಯ ಮುಖ ಮಸುಕಾದದ್ದು ಕಣ್ಣಿನ ಪೊರೆಯಿಂದ. ಈ ಪೊರೆಯನ್ನು ಎರಡನೇ ಪುಟದಲ್ಲೇ ಹೇಳಿಬಿಟ್ಟೆ, ಓದುವವರು ಮರೆಯಲಿ ಅಂತ.

ಕೊನೆ ಮಾತ್ರ ತುಂಬ ಸತಾಯಿಸಿತು. ಅವಳನ್ನು ಸಾಯಿಸಿ ನೋಡಿದೆ, ಹುಚ್ಚಾಸ್ಪತ್ರೆಗೂ ಕಳಿಸಿದೆ, ಎರಡೂ ಸಪ್ಪೆ. ಈಗಿರೋದು ಇಷ್ಟು: ಬೆಳಗಿನ ಜಾವ ಅವಳು ವಿಗ್ರಹದ ಪಕ್ಕದಲ್ಲೇ ಕೂತಿದ್ದಾಳೆ. ಅತ್ತೆ ಕಾಫಿ ತರುತ್ತಾರೆ. "ತಗೊಳ್ಳೇ, ಆರೋಗ್ತದೆ" ಅಂತ ಲೋಟವನ್ನು ವಿಗ್ರಹದ ಮುಂದಿಟ್ಟು ಒಳಗೆ ಹೋಗುತ್ತಾರೆ.