ಮೊನ್ರೆಯಾಲೆಯ ಚಿನ್ನದ ಗೋಡೆಗಳನ್ನು ಓದುವುದು ಹೇಗೆ?

ಇಟಲಿಯ ಸಿಸಿಲಿ ದ್ವೀಪಕ್ಕೆ ಹೋದವರು ಪಲೆರ್ಮೊ ನಗರ ಸುತ್ತಿ ದಣಿದ ಮೇಲೆ, ಉಳಿದ ಒಂದು ಗಂಟೆಯಲ್ಲಿ ಮೊನ್ರೆಯಾಲೆ ಚರ್ಚಿಗೆ ಓಡುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಸಿಸಿಲಿಯ ದೊರೆ ಎರಡನೇ ವಿಲಿಯಂ 12ನೇ ಶತಮಾನದಲ್ಲಿ ಕಟ್ಟಿಸಿದ ಈ ಚರ್ಚಿನ ಒಳಗೋಡೆಗಳ ಮೇಲೆ 6,000 ಚದರ ಮೀಟರಿಗೂ ಹೆಚ್ಚು ಮೊಸಾಯಿಕ್, ಅಂದರೆ ಬಣ್ಣದ ಸಣ್ಣ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರಗಳು, ಇದೆ. ಅರ್ಧ ದಿನವನ್ನು ಇದಕ್ಕೆಂದೇ ಎತ್ತಿಡಿ.

ಪಲೆರ್ಮೊದ ಪಿಯಾಟ್ಸಾ ಇಂಡಿಪೆಂಡೆನ್ಸಾ ಚೌಕದಿಂದ ಬೆಟ್ಟದ ಮೇಲಿನ ಮೊನ್ರೆಯಾಲೆ ಊರಿಗೆ ಬಸ್ ಸಿಗುತ್ತದೆ. ಚರ್ಚ್ ತೆರೆದಿರುವ ಸಮಯವನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಭುಜ, ಮೊಣಕಾಲು ಮುಚ್ಚುವ ಉಡುಪು ಧರಿಸಿ. ಚಿಕ್ಕದೊಂದು ದುರ್ಬೀನು ಜೊತೆಗಿರಲಿ. ಕ್ಯಾಮೆರಾ ಮರೆತರೂ ಅದನ್ನು ಮರೆಯಬೇಡಿ.

ಒಳಗೆ ಕಾಲಿಟ್ಟೊಡನೆ ಮೊಬೈಲ್ ತೆಗೆಯದೆ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಬಿಸಿಲಿನಿಂದ ಬಂದ ಕಣ್ಣು ಹದಕ್ಕೆ ಬರಬೇಕು. ಎದುರಿನ ಅರ್ಧಗುಮ್ಮಟದಲ್ಲಿ ಬೃಹದಾಕಾರದ ಯೇಸು ಕಾಣುತ್ತಾನೆ. ಅವನ ಕೈಯ ತೆರೆದ ಗ್ರಂಥದಲ್ಲಿ ‘ನಾನೇ ಲೋಕಕ್ಕೆ ಬೆಳಕು’ ಎಂಬ ಮಾತು ಗ್ರೀಕ್, ಲ್ಯಾಟಿನ್ ಎರಡರಲ್ಲೂ ಇದೆ. ಅಂದಿನ ಸಿಸಿಲಿಯಲ್ಲಿ ಎರಡೂ ಬಳಕೆಯಲ್ಲಿದ್ದ ಭಾಷೆಗಳು. ಕುಳಿತ ಜಾಗ ಬದಲಿಸಿ ನೋಡಿ, ಹೊಳಪೂ ಬೇರೆಡೆಗೆ ಸರಿಯುತ್ತದೆ. ಚಿನ್ನದ ರೇಕನ್ನು ಗಾಜಿನ ಪದರಗಳ ನಡುವೆ ಇಟ್ಟು ಮಾಡಿದ ಚೂರುಗಳ ಗುಣವದು.

ಈಗ ಕತೆ ಓದಲು ಏಳಿ. ಬಲಿಪೀಠಕ್ಕೆ ಮುಖ ಮಾಡಿ ನಿಂತರೆ ಬಲಗೋಡೆಯ ಮೇಲಿನ ಸಾಲಿನಲ್ಲಿ, ಪೀಠದ ಕಡೆಯ ತುದಿಯಿಂದ ಬೈಬಲ್ಲಿನ ಸೃಷ್ಟಿಯ ಕತೆ ಶುರು. ಅಲ್ಲಿಂದ ನಿಮ್ಮ ಬೆನ್ನ ಹಿಂದಿನ ಬಾಗಿಲಿನ ಗೋಡೆಗೆ, ಮತ್ತೆ ಎಡಗೋಡೆಗುಂಟ ಮುಂದಕ್ಕೆ: ನಮ್ಮ ಪ್ರದಕ್ಷಿಣೆಯ ದಿಕ್ಕೇ! ಮೊದಲ ಸುತ್ತು, ಪ್ರಳಯದಿಂದ ಪಾರಾಗಲು ನಾವೆ (ಹಡಗು) ಕಟ್ಟೆಂದು ನೋಹನಿಗೆ ದೇವರ ಅಪ್ಪಣೆಯಾಗುವಲ್ಲಿಗೆ ಮುಗಿಯುತ್ತದೆ. ಕೆಳಸಾಲಿನ ಎರಡನೇ ಸುತ್ತು ನಾವೆ ಕಟ್ಟುವ ಕೆಲಸದಿಂದ ಹೊರಟು ನೋಹನ ವಂಶದ ಯಾಕೋಬನವರೆಗೆ ಸಾಗುತ್ತದೆ. ಈ ಕ್ರಮ ತಿಳಿಯದಿದ್ದರೆ ಇಷ್ಟು ಚೆಂದದ ಕಥನ ಬರೀ ಬಣ್ಣದ ಸಂತೆಯಂತೆ ಕಂಡುಬಿಡುತ್ತದೆ, ಅದೇ ನನ್ನ ಸಂಕಟ.

ಪಕ್ಕದ ಜೋಡಿಕಂಬಗಳ ಅಂಗಳವನ್ನು ಆಮೇಲೆ ನೋಡಬಹುದು. ಅದಕ್ಕೂ ಮುಂಚೆ ದುರ್ಬೀನು ಹಿಡಿದು, ಯೇಸುವಿನ ಕೆಳಗೆ ಸಾಲಾಗಿ ನಿಂತ ಸಂತರಲ್ಲಿ ಥಾಮಸ್ ಬೆಕೆಟ್‌ನನ್ನು ಹುಡುಕಿ. ಹೆಸರು ಪಕ್ಕದಲ್ಲೇ ಲ್ಯಾಟಿನ್ ಅಕ್ಷರಗಳಲ್ಲಿದೆ. ಇಂಗ್ಲೆಂಡಿನ ಈ ಆರ್ಚ್‌ಬಿಷಪ್‌ನನ್ನು (ಚರ್ಚಿನ ಹಿರಿಯ ಧರ್ಮಾಧಿಕಾರಿಯನ್ನು) 1170ರಲ್ಲಿ ಕೊಂದವರು ಅಲ್ಲಿನ ದೊರೆ ಎರಡನೇ ಹೆನ್ರಿಯ ಯೋಧರು. ಆ ಹೆನ್ರಿಯ ಮಗಳು ಜೋನ್, ಈ ಚರ್ಚ್ ಕಟ್ಟಿಸಿದ ವಿಲಿಯಂನ ಹೆಂಡತಿ.