ನೆರೆ ಇಳಿದ ಮೇಲೆ ಮೊದಲು ಬೇಕಾದದ್ದು ಕುಡಿಯೋ ನೀರು

ಬೆಂಗಳೂರಿನಲ್ಲಿ ನೀರಿನ ಶುದ್ಧೀಕರಣವೇ ನನ್ನ ಕೆಲಸ. 2019ರ ಮಾರ್ಚ್‌ನಲ್ಲಿ ಇಡಾಯ್ ಚಂಡಮಾರುತ ಮೊಜಾಂಬಿಕ್‌ನ ಬೈರಾ ಬಂದರಿಗೆ ಅಪ್ಪಳಿಸಿದಾಗ, ಒಂದು ನೆರವು ಸಂಸ್ಥೆಯ ಜೊತೆ ಅಲ್ಲಿಗೆ ಹೋಗಿದ್ದೆ. ಪುಂಗ್ವೆ, ಬುಜಿ ನದಿಗಳು ಉಕ್ಕಿ ಊರಿಗೆ ಊರೇ ಮುಳುಗಿದ್ದವು. ಆ ದೇಶದಲ್ಲೇ 600ಕ್ಕೂ ಜಾಸ್ತಿ ಜನ ಸತ್ತರು. ನಮ್ಮ ನೌಕಾಪಡೆಯ ಸುಜಾತಾ, ಶಾರ್ದೂಲ್, ಕರಾವಳಿ ಕಾವಲು ಪಡೆಯ ಸಾರಥಿ ಹಡಗುಗಳು ಬೇಗನೇ ತಲುಪಿ ಎಷ್ಟೋ ಜನರನ್ನು ಕಾಪಾಡಿದವು.

ಹೊರಡುವ ಮುಂಚೆ ಜಯನಗರದ ನಮ್ಮ ಬೀದಿಯವರು ಬಂದರು. "ನೀರಿನ ಬಾಟಲಿ ಕೊಡಿಸ್ತೀವಿ, ತಗೊಂಡು ಹೋಗಪ್ಪ" ಅಂದರು ಎದುರುಮನೆ ಅಂಕಲ್. ಒಳ್ಳೆ ಮನಸ್ಸು. ಆದರೆ ಲೆಕ್ಕ ನೋಡಿ. ಕುಡಿಯೋಕೆ, ಅಡುಗೆಗೆ, ತೊಳೆಯೋಕೆ ಅಂತ ಒಬ್ಬರಿಗೆ ದಿನಕ್ಕೆ ಕಡಿಮೆ ಅಂದರೂ 15 ಲೀಟರ್ ಬೇಕು. 1,000 ಜನಕ್ಕೆ 15,000 ಲೀಟರ್. ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಬರೋ 12,000 ಲೀಟರಿನ ಟ್ಯಾಂಕರ್ ಒಂದು ಸಾಲಲ್ಲ! ಇಷ್ಟನ್ನು ವಿಮಾನದಲ್ಲಿ ಹೊತ್ತೊಯ್ಯೋಕಾಗುತ್ತಾ? ಅಲ್ಲಿರೋ ನೀರನ್ನೇ ಕುಡಿಯೋ ಹಾಗೆ ಮಾಡಬೇಕು.

ನಾವು ಕೆಂಪು ನೀರನ್ನು ಪಂಪಿನಲ್ಲಿ ಎತ್ತಿ ದೊಡ್ಡ ಟ್ಯಾಂಕಿಗೆ ತುಂಬುತ್ತಿದ್ದೆವು. ನೇರವಾಗಿ ಕ್ಲೋರಿನ್ ಹಾಕಿದರೆ ಅದನ್ನೆಲ್ಲ ಮಣ್ಣೇ ತಿಂದುಬಿಡುತ್ತೆ. ಹಾಗಾಗಿ ಮೊದಲು ಪಟಿಕ. ಎಷ್ಟು ಅಂತ ತಿಳಿಯೋಕೆ ಬೆಳಗ್ಗೆ ಸಾಲಾಗಿ ಬಕೆಟ್ ಇಡುತ್ತಿದ್ದೆ. ಎಲ್ಲದರಲ್ಲೂ ಅದೇ ನೀರು, ಒಂದೊಂದಕ್ಕೂ ಪಟಿಕದ ನೀರು ಸ್ವಲ್ಪ ಸ್ವಲ್ಪ ಜಾಸ್ತಿ. ಮೊದಲು ಜೋರಾಗಿ, ಆಮೇಲೆ ನಿಧಾನಕ್ಕೆ ಕಲಕಿ ಬಿಡಬೇಕು. ಮಣ್ಣು ಹಿಂಜಿದ ಹತ್ತಿಯ ಹಾಗೆ ಗಂಟುಗಂಟಾಗಿ ತಳಕ್ಕೆ ಇಳಿಯುತ್ತೆ. ಯಾವ ಬಕೆಟ್ಟಿನಲ್ಲಿ ಕಡಿಮೆ ಪಟಿಕಕ್ಕೇ ನೀರು ತಿಳಿಯಾಯಿತೋ ಅದೇ ಆ ದಿನದ ಅಳತೆ. ಜಾಸ್ತಿ ಹಾಕಿದಷ್ಟೂ ತಿಳಿಯಾಗುತ್ತೆ ಅನ್ನೋದು ಸುಳ್ಳು. ಮೇಲ್ಗಡೆ ಮಳೆ ಬಂದರೆ ನದಿಯ ಬಣ್ಣ ಬದಲಾಗುತ್ತೆ, ಆಗ ಮತ್ತೆ ಮೊದಲಿಂದ ಪರೀಕ್ಷೆ.

ತಿಳಿ ನೀರಿಗೆ ಕ್ಲೋರಿನ್ ಬೆರೆಸಿ ಅರ್ಧ ಗಂಟೆ ಬಿಡುತ್ತಿದ್ದೆವು. ಆಮೇಲೆ ಸಣ್ಣ ಟ್ಯೂಬಿನಲ್ಲಿ ನೀರು ತುಂಬಿ ಕ್ಲೋರಿನ್ ಪರೀಕ್ಷೆಯ ಡಿಪಿಡಿ ಮಾತ್ರೆ ಹಾಕುತ್ತಿದ್ದೆವು. ಕ್ಲೋರಿನ್ ಉಳಿದಿದ್ದರೆ ಗುಲಾಬಿ ಬಣ್ಣ ಬರುತ್ತೆ. ಕಾಲರಾ ಭಯ ಇರುವಾಗ ನಲ್ಲಿಯ ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಲೇಬೇಕು. ಅಲ್ಲಿ ಆ ಭಯ ನಿಜವೇ ಆಯಿತು. ಮಾರ್ಚ್ 27ಕ್ಕೆ ಕಾಲರಾ ಅಂತ ಘೋಷಿಸಿದರು, ಏಪ್ರಿಲ್ 3ರಿಂದ ಬಾಯಿಗೆ ಹಾಕೋ ಲಸಿಕೆ ಶುರುವಾಯಿತು.

ನಲ್ಲಿಯವರೆಗೆ ಮಾತ್ರ ನೋಡಿಕೊಂಡರೆ ಸಾಲದು. ತೆರೆದ ಬಕೆಟ್ಟಿಗೆ ಲೋಟ ಅದ್ದಿದರೆ ಕೈಯ ಕೊಳೆಯೂ ಇಳಿಯುತ್ತೆ, ಅಲ್ವಾ? ಅದಕ್ಕೇ ಬಾಯಿ ಸಣ್ಣದಾದ, ಮುಚ್ಚಳ ಇರೋ ಕ್ಯಾನುಗಳನ್ನು ಕೊಡಿ ಅಂತ ನಾನು ಹಟ ಹಿಡಿಯುತ್ತಿದ್ದೆ. ಶಿಬಿರದಲ್ಲಿ ಸುತ್ತಾಡಿ ಮನೆಯ ಕ್ಯಾನಿನ ನೀರನ್ನೂ ಪರೀಕ್ಷಿಸುತ್ತಿದ್ದೆವು.

ಈಗಲೂ ಎಲ್ಲಾದರೂ ನೆರೆ ಬಂದರೆ ಬೀದಿಯವರು ಬಂದು ಕೇಳುತ್ತಾರೆ. ಬಾಟಲಿ, ಹಳೇ ಬಟ್ಟೆ ಬೇಡ, ಅಲ್ಲಿ ಆಗಲೇ ಕೆಲಸ ಮಾಡುತ್ತಿರೋ ನಂಬಿಕಸ್ತ ಸಂಸ್ಥೆಗೆ ದುಡ್ಡು ಕೊಡಿ ಅಂತೀನಿ. ಕ್ಯಾನು, ಪಟಿಕ, ಸೋಪು ಹತ್ತಿರದ ಪೇಟೆಯಲ್ಲೇ ಸಿಕ್ಕರೆ ಬೇಗ ಜನರ ಕೈ ಸೇರುತ್ತೆ, ಅಲ್ಲಿಯ ಅಂಗಡಿಯವರಿಗೂ ವ್ಯಾಪಾರ ಆಗುತ್ತೆ.