ಬಾವಿ ನೀರಿನಲ್ಲಿ ಬಸವನಹುಳು: ಮೊದಲು ಚಿಪ್ಪು, ಆಮೇಲೆ ಪಾಚಿ

ಅಕ್ವೇರಿಯಂ ಗಾಜಿನ ಪಾಚಿ ಉಜ್ಜಿ ಉಜ್ಜಿ ಬೇಸತ್ತವರು ಕೊನೆಗೆ ನೆರೈಟ್ ಬಸವನಹುಳು ತರುತ್ತಾರೆ. ನಾನೂ ತಂದು, ಉಡುಪಿಯ ಮನೆಯ ಬಾವಿ ನೀರು ತುಂಬಿದ ತೊಟ್ಟಿಗೆ ಬಿಟ್ಟೆ. ಕೆಲವು ತಿಂಗಳಲ್ಲಿ ಚಿಪ್ಪಿನ ನೆತ್ತಿಯ ಕಪ್ಪು ಗೆರೆಗಳು ಮಾಸಿ ಸುಣ್ಣ ಬಳಿದಂತಾದವು. ಉಗುರು ತಾಗಿಸಿದರೆ ಪುಡಿ ಉದುರುತ್ತಿತ್ತು.

ತಪ್ಪು ನೀರಿನದು. ಮುರಕಲ್ಲಿನ ನೆಲದಲ್ಲಿ ತೋಡಿದ ನಮ್ಮ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಬೇಳೆ ಬೇಯಿಸಲು ಒಳ್ಳೆಯದೇ. ಆದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಚಿಪ್ಪು ಅದರಲ್ಲಿ ಮೆಲ್ಲನೆ ಕರಗುತ್ತದೆ. ಹಾಗಾಗಿ ಹುಳು ತರುವ ಮೊದಲೇ ನೀರಿನ ಪಿಎಚ್ (ಆಮ್ಲೀಯತೆಯ ಅಳತೆ) ಪರೀಕ್ಷಿಸಿ. 7ಕ್ಕಿಂತ ಕಡಿಮೆಯಿದ್ದರೆ ಪರಿಹಾರ ಅಡುಗೆಮನೆಯಲ್ಲೇ ಇದೆ. ಮರುವಾಯಿ (ಕಪ್ಪೆಚಿಪ್ಪು) ಬಿಡಿಸುವಾಗ ಬೇರೆಯಾಗುವ ಖಾಲಿ ಚಿಪ್ಪುಗಳನ್ನು, ಮಸಾಲೆ ಸೋಕುವ ಮೊದಲೇ, ಎತ್ತಿಡಿ. ಒಳಗಂಟಿದ ಮಾಂಸ ಕೆರೆದು, ಕುದಿಸಿ, ಬಿಸಿಲಿಗೆ ಒಣಗಿಸಿ, ಬಲೆಯ ಚೀಲದಲ್ಲಿ ಒಂದು ಹಿಡಿಯಷ್ಟನ್ನು ಫಿಲ್ಟರ್ ಬಳಿ ಇಡಿ. ವಾರ ಬಿಟ್ಟು ಮತ್ತೆ ಪರೀಕ್ಷಿಸಿ, 7.5ರ ಆಸುಪಾಸು ನಿಂತರೆ ಸಾಕು. ತುಂಬೆ ಅಣೆಕಟ್ಟಿನಿಂದ ಬರುವ ನಗರದ ನಲ್ಲಿ ನೀರು ಬಳಸುವ ಮಂಗಳೂರಿನವರು ಮೊದಲು ಕ್ಲೋರಿನ್ ತೆಗೆಯಬೇಕು.

ಹೊಸ ತೊಟ್ಟಿಗೆ ಹುಳು ಬಿಡುವ ಆತುರ ಬೇಡ. ನಾಲ್ಕರಿಂದ ಆರು ವಾರ ಕಾಯಿರಿ; ಅಲ್ಲಿಯವರೆಗೆ ತ್ಯಾಜ್ಯದಿಂದ ಹುಟ್ಟುವ ವಿಷವಾದ ಅಮೋನಿಯಾದ ಕಾಟ, ತಿನ್ನಲು ಪಾಚಿಯೂ ಇರುವುದಿಲ್ಲ. ಮೀನಿಗೆ ಹಾಕುವ ಔಷಧಿಯಲ್ಲಿ ತಾಮ್ರವಿದೆಯೇ ಎಂದು ಚೀಟಿ ಓದಿ. ತಾಮ್ರ ಬಸವನಹುಳುವಿಗೆ ವಿಷ.

ತಂದ ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಡಿ. ನಂತರ ಒಂದು ಗಂಟೆಯ ಕಾಲ, ಹತ್ತು ನಿಮಿಷಕ್ಕೊಮ್ಮೆ ಅರ್ಧ ಲೋಟ ತೊಟ್ಟಿಯ ನೀರು ಬೆರೆಸಿ. ಬಿಡುವಾಗ ಚಿಪ್ಪು ಮೇಲೆ, ಪಾದ ಕೆಳಗೆ ಇರಲಿ. ಅಂಗಾತ ಬಿದ್ದ ನೆರೈಟ್ ಅನೇಕ ಸಲ ತಾನಾಗಿ ಮಗುಚಲಾರದು. 40 ಲೀಟರ್ ತೊಟ್ಟಿಗೆ ಎರಡು ಸಾಕು. ಮುಚ್ಚಳ ಕಡ್ಡಾಯ, ರಾತ್ರಿ ಹತ್ತಿ ಹೊರಬರುತ್ತವೆ.

ಕೆಲವು ದಿನಗಳಲ್ಲಿ ಗಾಜಿನ ಮೇಲೆ ಎಳ್ಳು ಅಂಟಿಸಿದಂತೆ ಬಿಳಿ ಮೊಟ್ಟೆಗಳು ಕಂಡರೆ ಗಾಬರಿಯಾಗಬೇಡಿ. ಮರಿಗಳು ಬೆಳೆಯಲು ಅಳಿವೆಯಂಥ ಉಪ್ಪು ಬೆರೆತ ನೀರು ಬೇಕು, ಸಿಹಿನೀರಿನಲ್ಲಿ ಸಂತಾನ ಹೆಚ್ಚುವುದಿಲ್ಲ. ಕೆರೆದು ತೆಗೆಯುವುದು ಮಾತ್ರ ಹಟಮಾರಿ ಕೆಲಸ. ನಾನಂತೂ ಹಿಂಬದಿಯ ಗಾಜಿನದನ್ನು ಹಾಗೇ ಬಿಟ್ಟಿದ್ದೇನೆ.

ಕಿಟಕಿಯ ಬಿಸಿಲು ನೇರವಾಗಿ ಬೀಳುವ ತೊಟ್ಟಿಯಲ್ಲಿ ಹತ್ತು ಹುಳು ಬಿಟ್ಟರೂ ಪಾಚಿ ಗೆಲ್ಲುತ್ತದೆ. ಅದನ್ನು ನೆರಳಿಗೆ ಸರಿಸಿ, ದೀಪವನ್ನು ದಿನಕ್ಕೆ ಆರೇಳು ಗಂಟೆಗೆ ಇಳಿಸಿ. ಗಾಜು ಪೂರ್ತಿ ಸ್ವಚ್ಛವಾದ ಮೇಲೆ ವಾರಕ್ಕೆರಡು ಸಲ ಬೇಯಿಸಿದ ಸೌತೆಕಾಯಿಯ ತೆಳು ಬಿಲ್ಲೆ ಹಾಕಿ, ಮರುದಿನ ಉಳಿಕೆಯನ್ನು ತೆಗೆಯಿರಿ.

ಎರಡು ದಿನ ಅಲುಗಾಡದಿದ್ದರೆ ಎತ್ತಿ ಮೂಸಿ ನೋಡಿ. ಸತ್ತ ಹುಳುವಿನ ನಾತಕ್ಕೆ ಮಲ್ಪೆ ಬಂದರಿನಲ್ಲಿ ಬೆಳೆದವರೂ ಮೂಗು ಮುಚ್ಚಿಕೊಳ್ಳುತ್ತಾರೆ. ಕೂಡಲೇ ಹೊರಹಾಕಿ, ಕಾಲು ಭಾಗ ನೀರು ಬದಲಿಸಿ.